ಗೇಟಿನ ಮೇಲೆ ಚಲುವರಾಜು

ಧನಕವಡಿ, ಪುಣೆ
16 ಆಗಸ್ಟ್ 2024, ಶುಕ್ರವಾರ ಬೆಳಿಗ್ಗೆ

ಚಿ. ನೀಲಿಮಾಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಇದನ್ನು ಮೊದಲೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಅಮ್ಮ ಕಾಗದ ಬರೆದಿದ್ದಾಳೆ ಅಂದರೆ ಏನೋ ಆಗಿದೆ ಎಂದು ಗಾಬರಿಯಾಗಿ ನೀನು ಕೊನೆಯ ಪುಟದಿಂದ ಓದಲು ಶುರು ಮಾಡುತ್ತೀ. ಫೋನಿನಲ್ಲಿ ಹೇಳುವ ವಿಷಯವಲ್ಲ ಇದು. ಜಮ್ಮುವಿನಿಂದ ನಿನ್ನ ಫೋನ್ ಬಂತೆಂದರೆ ನಿಮ್ಮ ಅಪ್ಪ ಸ್ಪೀಕರ್ ಹಾಕಿಸಿ, ಕುರ್ಚಿ ಎಳೆದುಕೊಂಡು ಎದುರಿಗೇ ಕೂತುಬಿಡುತ್ತಾರೆ. ಲೆಫ್ಟಿನೆಂಟ್ ಮಗಳು ಮಿಲಿಟರಿ ಆಸ್ಪತ್ರೆಯ ಸುದ್ದಿ ಹೇಳಬೇಕು, ಹವಾಲ್ದಾರ್ ಅಪ್ಪ ಹ್ಞೂಂ ಹ್ಞೂಂ ಎನ್ನಬೇಕು. ನಡುವೆ ನನಗೆ ಬಾಯಿ ಹಾಕಲು ಜಾಗವೇ ಇಲ್ಲ. ಈಗ ಅವರು ವಾಕಿಂಗಿಗೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಇದನ್ನು ಮುಗಿಸಬೇಕು.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿಯಿದೆ. ನಿನಗೆ ಎರಡು ವರ್ಷವಿದ್ದಾಗ ನಿಮ್ಮ ಅಪ್ಪ ರಜೆಯ ಮೇಲೆ ಧಾರವಾಡಕ್ಕೆ ಬಂದಿದ್ದರು. ಒಂದು ಮಧ್ಯಾಹ್ನ ಅವರ ಕಬ್ಬಿಣದ ಪೆಟ್ಟಿಗೆ ತೆಗೆದು ಉಣ್ಣೆ ಬಟ್ಟೆಗಳನ್ನು ಬಿಸಿಲಿಗೆ ಹಾಕಿದೆ. ಒಳಗಿದ್ದ ಕಾಗದ, ಫೋಟೊಗಳನ್ನೂ ಹೊರಗಿಟ್ಟೆ. ಅವರು ಬಂದು ನೋಡಿದರು, ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟರು. ಮೂರನೆಯ ದಿನ ಮಿರಜ್ ಸ್ಟೇಶನ್ನಿನ ಬೆಂಚಿನ ಮೇಲೆ ಸಿಕ್ಕರು. ಎಲ್ಲಿಗೆ ಹೊರಟಿದ್ದಿರಿ ಎಂದರೆ ಗೊತ್ತಿಲ್ಲ ಎಂದರು. ಅಂದಿನಿಂದ ಆ ಪೆಟ್ಟಿಗೆಗೆ ಬೀಗ. ಇಪ್ಪತ್ತೊಂದು ವರ್ಷ ನಾನು ಅದರ ಮೇಲಿನ ಧೂಳು ಒರೆಸಿದ್ದು ಬಿಟ್ಟರೆ ಮುಟ್ಟಿರಲಿಲ್ಲ.

ಈ ತಿಂಗಳ ಮೊದಲ ವಾರ ನಮ್ಮ ಸೊಸೈಟಿಯ ಚೇರ್ಮನ್ ಅಪ್ಪಾಸಾಹೇಬರು ಮನೆಗೆ ಬಂದರು. ಪ್ರತಿ ವರ್ಷ ಧ್ವಜ ಹಾರಿಸಿದ ಮೇಲೆ ಹತ್ತನೇ ತರಗತಿಯಲ್ಲಿ ಹೆಚ್ಚು ಅಂಕ ತೆಗೆದವರ ಸತ್ಕಾರಕ್ಕೂ ಅಜ್ಜಂದಿರ ಸತ್ಕಾರಕ್ಕೂ ನಡುವೆ ನಿಮ್ಮ ಅಪ್ಪನನ್ನು ಕರೆದು ಶಾಲು, ತೆಂಗಿನಕಾಯಿ ಕೊಡುವುದು ನಿನಗೆ ಗೊತ್ತೇ ಇದೆ. ಈ ಸಲ ಕಾರ್ಗಿಲ್ಲಿಗೆ ಇಪ್ಪತ್ತೈದು ವರ್ಷವಂತೆ. ತಲೆಗೆ ಫೇಟಾ ಕಟ್ಟುವುದು, ಭಾಷಣ ಮಾಡಿಸುವುದು, ಗೇಟಿಗೆ ದೊಡ್ಡ ಫ್ಲೆಕ್ಸ್ ಹಾಕುವುದು ಎಂದರು. ಅದಕ್ಕೆ ಯುನಿಫಾರ್ಮಿನ ಫೋಟೊ ಬೇಕಿತ್ತು. ಕುಲಕರ್ಣಿಯವರನ್ನು ಕೇಳಿದರೆ ಇಲ್ಲ ಅಂತಾರೆ, ನೀವೇ ಕೊಡಿ ವಹಿನಿ ಎಂದು ನನಗೆ ಗಂಟು ಬಿದ್ದರು. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ನಿಮ್ಮ ಅಪ್ಪ ಭೋಸರಿಯ ಫ್ಯಾಕ್ಟರಿಗೆ ಹೋದ ಮೇಲೆ ದೇವರ ಗೂಡಿನಿಂದ ಕೀಲಿಕೈ ತೆಗೆದುಕೊಂಡು ಪೆಟ್ಟಿಗೆ ತೆರೆದೆ.

ಸಿಕ್ಕಿದ್ದು ಒಂದೇ ಒಂದು ಫೋಟೊ. ಬಂಡೆಯ ಮುಂದೆ ಇಬ್ಬರು. ಒಬ್ಬರು ನಿಮ್ಮ ಅಪ್ಪ, ಕೆಂಪು ಕ್ರಾಸಿನ ಚೀಲ ಹೆಗಲಿಗೆ ಹಾಕಿಕೊಂಡು ಚಹಾದ ಮಗ್ಗು ಹಿಡಿದಿದ್ದಾರೆ. ಇನ್ನೊಬ್ಬ ಮದ್ದೂರು ಕಡೆಯ ಚಲುವರಾಜು, ಮೀಸೆ ತಿರುವಿಕೊಂಡು, ರೈಫಲ್ ಹಿಡಿದು ನಿಂತಿದ್ದಾನೆ. ಆ ಹುಡುಗ ಕಾರ್ಗಿಲ್ಲಿನಲ್ಲೇ ತೀರಿಕೊಂಡ ಎಂಬುದಷ್ಟೇ ನನಗೆ ಗೊತ್ತಿತ್ತು. ಫೋಟೊ ಒಯ್ದು ಬಸ್ ಸ್ಟಾಪಿನ ಹತ್ತಿರ ಫ್ಲೆಕ್ಸ್ ಮಾಡುವ ಸುರಭಿಯ ಅಂಗಡಿಗೆ ಕೊಟ್ಟುಬಂದೆ. ಇಬ್ಬರಲ್ಲಿ ಒಬ್ಬರನ್ನು ಕತ್ತರಿಸಿ ದೊಡ್ಡದು ಮಾಡಬೇಕಿತ್ತು. ಅಲ್ಲಿ ತಪ್ಪಾಗಿದೆ.

ಹದಿನಾಲ್ಕನೇ ತಾರೀಕು ಮಧ್ಯಾಹ್ನ ತರಕಾರಿಗೆಂದು ಕೆಳಗಿಳಿದವಳು ಗೇಟಿನಲ್ಲಿ ನಿಂತುಬಿಟ್ಟೆ. ಎಂಟು ಅಡಿ ಎತ್ತರದ ಫ್ಲೆಕ್ಸ್. ಕೆಳಗೆ ದಪ್ಪ ಅಕ್ಷರದಲ್ಲಿ ‘ಕಾರ್ಗಿಲ್ ವೀರ ಬಿಂದುಮಾಧವ ಕುಲಕರ್ಣಿ’. ಮೇಲೆ ಚಲುವರಾಜುವಿನ ಮುಖ.

ನೀಲೂ, ತರಕಾರಿ ಮರೆತೇಹೋಯಿತು. ಓಡಿಹೋಗಿ ಅಪ್ಪಾಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ಏರಿಸಿ ನೋಡಿ, ಹರೆಯದಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ ವಹಿನಿ, ಯಾರಿಗೂ ತಿಳಿಯುವುದಿಲ್ಲ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ನಾನು ಹಟ ಹಿಡಿದ ಮೇಲೆ ಸಂಜೆ ಏಣಿಯವನು ಬಂದಾಗ ಇಳಿಸುತ್ತೇನೆ ಎಂದರು. ಏಣಿಯವನು ಬರಲಿಲ್ಲ. ಐದೂವರೆಯ ಬಸ್ಸಿಗೆ ನಿಮ್ಮ ಅಪ್ಪ ಬಂದರು.

ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಗೇಟಿನ ಮುಂದೆ ನಿಂತು ಊಟದ ಡಬ್ಬಿಯ ಚೀಲ ಕೆಳಗಿಟ್ಟರು. ಕತ್ತೆತ್ತಿ ನೋಡಿದರು. ಹೋಗಿಬರುವ ಸ್ಕೂಟರುಗಳು ಹಾರ್ನ್ ಹೊಡೆದರೂ ಸರಿಯಲಿಲ್ಲ. ನನ್ನ ಕಣ್ಣಮುಂದೆ ಮಿರಜ್ ಸ್ಟೇಶನ್ನು ಬಂತು. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ, ಹೋಗಿ ಅವರ ತೋಳು ಹಿಡಿದುಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಇವಂಗ ಮೀಸಿ ಅಂದ್ರ ಭಾಳ ಜೀವ, ಇಂದೂ. ಬಂಕರಿನ್ಯಾಗೂ ಕನ್ನಡಿ ಇಟಗೊಂಡಿದ್ದ," ಎಂದರು. ನಾನು ಅಂಗಡಿಯಲ್ಲಿ ತಪ್ಪಾಗಿದೆ, ಇಳಿಸಲು ಹೇಳಿದ್ದೇನೆ ಎಂದೆ. "ಇಳಸಬ್ಯಾಡ. ಇರ್ಲಿ," ಎಂದು ಚೀಲ ಎತ್ತಿಕೊಂಡು ಒಳಗೆ ಬಂದರು.

ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ನಾನು ಏನಾದರೊಂದು ನೆವ ಮಾಡಿಕೊಂಡು ಹೋಗಿ ಬಾಗಿಲಲ್ಲಿ ಅವರ ಚಪ್ಪಲಿ ಇವೆಯೇ ಎಂದು ನೋಡಿ ಬರುತ್ತಿದ್ದೆ. ನಿನಗೆ ಫೋನ್ ಮಾಡಬೇಕೆಂದು ಎರಡು ಸಲ ನಂಬರ್ ಒತ್ತಿ ಬಿಟ್ಟೆ. ಅಷ್ಟು ದೂರ ಇರುವವಳು ನೀನಾದರೂ ಏನು ಮಾಡುತ್ತೀ!

ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಕೆಳಗಿಳಿದರು. ಧ್ವಜ ಹಾರಿತು, ಮಕ್ಕಳು ಹಾಡಿದರು. ಇವರ ಹೆಸರು ಕೂಗಿದಾಗ ಹೋಗಿ ಮೈಕಿನ ಮುಂದೆ ನಿಂತರು. ಫೇಟಾ ಕಟ್ಟಲು ಬಂದವನನ್ನು ಕೈಸನ್ನೆಯಲ್ಲೇ ನಿಲ್ಲಿಸಿದರು. ಇಷ್ಟು ವರ್ಷ ‘ಧನ್ಯವಾದ, ಜೈ ಹಿಂದ್’ ಎಂದು ಇಳಿದುಬರುತ್ತಿದ್ದ ಮನುಷ್ಯ ಹಿಂದಿಯಲ್ಲಿ ಮಾತು ಶುರು ಮಾಡಿದರು. ಗೇಟಿನ ಮೇಲಿರುವ ಹೆಸರು ನನ್ನದು, ಮುಖ ನನ್ನದಲ್ಲ ಎಂದರು.

ನೀನೂ ಅಪ್ಪನ ಹಾಗೆ ಗಾಯಾಳುಗಳನ್ನು ನೋಡಿಕೊಳ್ಳುವ ಕೆಲಸದವಳು, ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಕಾರ್ಗಿಲ್ಲಿನ ಬೆಟ್ಟದ ಮೇಲೆ ಅವತ್ತು ಇಬ್ಬರಿಗೆ ಪೆಟ್ಟಾಗಿತ್ತಂತೆ. ಚಲುವರಾಜುವಿಗೆ ತೊಡೆಗೆ, ಇನ್ನೊಬ್ಬನಿಗೆ ಹೊಟ್ಟೆಗೆ. ಸ್ಟ್ರೆಚರ್ ಒಂದೇ, ಹೊರುವವರು ನಾಲ್ಕೇ ಜನ. ಮಾತಾಡುವವನು ಕಾಯಬಲ್ಲ, ಸುಮ್ಮನೆ ಬಿದ್ದವನನ್ನು ಮೊದಲು ಒಯ್ಯಬೇಕು ಎಂದು ಇವರಿಗೆ ಕಲಿಸಿದ್ದರು. ಚಲುವರಾಜು ಮಾತಾಡುತ್ತಿದ್ದ, ಇವರ ಧಾರವಾಡದ ಮಾತನ್ನು ಅಣಕಿಸುತ್ತಿದ್ದ. ಇವರು ಪಟ್ಟಿ ಬಿಗಿದು, ಸುಮ್ಮನಿದ್ದವನನ್ನು ಹೊತ್ತುಕೊಂಡು ಇಳಿದರು. ಹೊರಡುವಾಗ ಚಲುವರಾಜು ಅಂದದ್ದನ್ನು ಮಾತ್ರ ಕನ್ನಡದಲ್ಲೇ ಹೇಳಿದರು: "ನೀವು ಹೋಗ್ಬನ್ನಿ ಸಾ, ನಾನೆಲ್ಲೋಯ್ತೀನಿ?" ಮೂರು ತಾಸಿನ ನಂತರ ಮರಳಿ ಹತ್ತಿ ಹೋದಾಗ ಅವನ ಮಾತು ನಿಂತಿತ್ತು.

ಬದುಕಿದವನು ಯಾರು ಗೊತ್ತೇ? ಪ್ರತಿ ದೀಪಾವಳಿಗೆ ರೋಹ್ಟಕ್‌ನಿಂದ ಫೋನ್ ಮಾಡುತ್ತಾರಲ್ಲ, ಸುಖೇಶ್ ಅಂಕಲ್. ಎರಡು ಮಾತಾಡಿ ನಿಮ್ಮ ಅಪ್ಪ ಫೋನನ್ನು ನನ್ನ ಕೈಗೆ ಯಾಕೆ ದಾಟಿಸುತ್ತಾರೆ ಎಂಬುದು ನನಗೆ ನಿನ್ನೆ ತಿಳಿಯಿತು.

ಕೊನೆಗೆ ಅವರು, ಪ್ರತಿ ಆಗಸ್ಟಿನಲ್ಲಿ ನೀವು ಕೊಡುವ ಶಾಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ತೆಗೆದುಕೊಳ್ಳಲು ನಾನು ಇದ್ದೇನೆ. ಈ ವರ್ಷ ಫೋಟೊ ಸರಿಯಾದವನದು ಹಾಕಿದ್ದೀರಿ ಎಂದು ಹೇಳಿ ಕೆಳಗಿಳಿದರು. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅಪ್ಪಾಸಾಹೇಬರು ಒಂದು ಜೈಕಾರ ಹಾಕಿಸಿದರು, ಆಮೇಲೆ ಮಕ್ಕಳ ಡಾನ್ಸು, ಆಮೇಲೆ ವಡಾ-ಪಾವ್. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಕೂತಿದ್ದೆ. ಮದುವೆಯಾಗಿ ಇಪ್ಪತ್ತಾರು ವರ್ಷ, ನಾನು ಇದನ್ನು ಮೈಕಿನಲ್ಲಿ ಕೇಳಬೇಕಾಯಿತು.

ಮನೆಗೆ ಬಂದು ಎರಡು ಸಲ ಅನ್ನ ಬಡಿಸಿಕೊಂಡರು. ಸಂಜೆ ತಾವೇ ಹೋಗಿ ಫ್ಲೆಕ್ಸ್ ಇಳಿಸಿಕೊಂಡು ಬಂದರು. ಚಲುವರಾಜುವಿನ ತಾಯಿ ಮುನಿಯಮ್ಮ ಇನ್ನೂ ಇದ್ದಾರಂತೆ. ಅವನದೇ ಹೆಸರು ಹಾಕಿ ಹೊಸ ಫ್ಲೆಕ್ಸ್ ಮಾಡಿಸಿ, ಮದ್ದೂರಿಗೆ ಒಯ್ದು ಆಕೆಗೆ ಕೊಡಬೇಕಂತೆ. ಅದನ್ನು ಮಾಡಿಸಲೆಂದು ಇವತ್ತು ಫ್ಯಾಕ್ಟರಿಗೆ ರಜೆ ಹಾಕಿದ್ದಾರೆ. ಅದು ತಯಾರಾದ ಮೇಲೆ, ಮುಂದಿನ ವಾರ ಒಬ್ಬರೇ ಹೋಗುತ್ತಾರಂತೆ. ಮಿರಜ್ ದಾಟಿಯೇ ಹೋಗಬೇಕಲ್ಲ. ಭಾನುವಾರ ನೀನು ಫೋನ್ ಮಾಡಿದಾಗ, ಅಮ್ಮನನ್ನೂ ಕರೆದುಕೊಂಡು ಹೋಗಿ ಎಂದು ಅವರಿಗೆ ಹೇಳು. ಈ ಕಾಗದ ಆಗ ತಲುಪಿರುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಚಿಂತೆ ನನಗೆ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಅಮ್ಮ
ಇಂದೂ

ತಾ.ಕ.: ಲಕೋಟೆಗೆ ಹಾಕುವ ಮೊದಲು ಇದನ್ನೂ ಬರೆಯಬೇಕಾಗಿದೆ. ನಿಮ್ಮ ಅಪ್ಪ ಬಂದರು, ಕೈಯಲ್ಲಿ ಅರ್ಧ ಕಿಲೋ ಪೇಢೆ. ಹತ್ತಕ್ಕೆ ಅಂಗಡಿ ತೆರೆಯುತ್ತದೆ, ಸುರಭಿಗೆ ಕೊಡಬೇಕು ಎನ್ನುತ್ತಿದ್ದಾರೆ. "ಆ ಹುಡುಗಿ ತಪ್ಪು ಮಾಡಿರಲಿಲ್ಲಂದ್ರ ನಾ ಸಾಯೋತನಕಾ ಬಾಯಿ ತಗೀತಿರಲಿಲ್ಲ," ಎಂದರು. ಸುರಭಿ ತಪ್ಪು ಮಾಡಿಲ್ಲ, ನೀಲೂ. ಇಬ್ಬರಲ್ಲಿ ನಿಮ್ಮವರು ಯಾರು ಎಂದು ಅವಳು ಕೇಳಿದಳು. ನಾನು ರೈಫಲ್ ಹಿಡಿದವನ ಮೇಲೆ ಬೆರಳಿಟ್ಟೆ. ಹೋದ ಜನವರಿ 26ರಂದು ಹೆಂಗಸರ ಸಾಲಿನಲ್ಲಿ ಯಾರೋ, ಯುದ್ಧದಲ್ಲಿ ಇವರು ಎಷ್ಟು ಜನರನ್ನು ಹೊಡೆದರು ಎಂದು ಕೇಳಿದ್ದರು. ಪಟ್ಟಿ ಕಟ್ಟುತ್ತಿದ್ದರು ಎಂದೆ. ಓ, ಕಂಪೌಂಡರ್! ಎಂದು ನಕ್ಕರು. ಆ ನಗು ನನ್ನ ಹೊಟ್ಟೆಯಲ್ಲೇ ಉಳಿದಿತ್ತು. ನನ್ನ ಮಗಳೂ ಅದೇ ಕೆಲಸಕ್ಕೆ ಹೋಗಿದ್ದಾಳೆ ಎಂಬುದು ಬೆರಳಿಡುವಾಗ ನೆನಪಿಗೆ ಬರಲಿಲ್ಲ. ನೀನಾದರೂ ಕ್ಷಮಿಸು. ಕೆಳಗಿನಿಂದ ಕೂಗುತ್ತಿದ್ದಾರೆ. ನಾನೂ ಬರುತ್ತೇನೆ ಎಂದಿದ್ದೇನೆ. ಅಂಗಡಿ ಮುಟ್ಟುವ ಮೊದಲು ನಾನೇ ಹೇಳಿಬಿಡಬೇಕು, ಆ ಪೇಢೆ ಅವಳ ಕೈಗೆ ಹೋಗುವ ಮೊದಲು.