ಅಂಗಾಲು ನೋಡುವವರು

ಜನವರಿ 9, ಸೋಮವಾರ

ಎಂಟೂವರೆಗೇ ವರ್ಕ್‌ಶಾಪ್. ಶುಗರ್ ಮಾತ್ರೆ ಮತ್ತೆ ಮರೆತೆ. ಅಂಟಿನ ವಾಸನೆಗೆ ಈಗ ತಲೆ ನೋಯುವುದಿಲ್ಲ — ಮೂರು ವಾರದಲ್ಲಿ ಅಷ್ಟಾದರೂ ಪ್ರಗತಿ.

ಕಾಯುವವರ ಪಟ್ಟಿ ಇನ್ನೂರ ಹದಿನಾಲ್ಕಕ್ಕೆ ಏರಿದೆ. ಎಲ್ಲರೂ ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು. ಒಂದು ಜೊತೆ ಶೂಗೆ ನಲವತ್ತೊಂದು ದಿನ ಕಾಯಬೇಕು. ಸೋಪಿನ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಸೇಲ್ಸ್ ಮಾಡಿದವಳು ನಾನು. ಸರಕನ್ನು ಹೀಗೆ ಕಾಯಿಸಿದ್ದರೆ ಅಂಗಡಿಯವರು ಬಾಗಿಲಲ್ಲೇ ಓಡಿಸುತ್ತಿದ್ದರು.

'ಇದನ್ನ ಬೆಳೆಸಿಕೊಡಿ ಮೇಡಂ' ಎಂದು ನನ್ನನ್ನು ಕರೆದವರು ಅಳತೆಯಕ್ಕ. ಶೂ ಹೊಲಿಯುವವರು, ಈ ವರ್ಕ್‌ಶಾಪ್ ಕಟ್ಟಿದವರು. ನನಗಿಂತ ಆರು ವರ್ಷ ಚಿಕ್ಕವರು. ಆದರೂ ಊರಿಗೆಲ್ಲ ಅಕ್ಕ, ನನಗೂ ಅಕ್ಕ!

ಇವತ್ತು ನನ್ನ ಕಾಲನ್ನೇ ನೋಡುತ್ತಾ, "ನಿಮಗೂ ಒಂದು ಜೊತೆ ಹೊಲಿದುಕೊಡ್ಲಾ?" ಎಂದರು.

"ಬೇಡ ಅಕ್ಕ, ನನಗೆ ಯಾವ ಚಪ್ಪಲಿನೂ ಕಚ್ಚಲ್ಲ. ಫುಟ್‌ಪಾತಿಂದೇ ಸಾಕು." ಸ್ವಲ್ಪ ಜಂಬದಿಂದಲೇ ಹೇಳಿದೆ. ಶುಗರ್ ಇರುವುದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಮ್ಯಾನೇಜರ್ ಹೋಗಿ ಪೇಷೆಂಟ್ ಆಗಿಬಿಡುತ್ತೇನೆ.

ಜನವರಿ 12, ಗುರುವಾರ

ಅಕ್ಕನ ಜೊತೆ ಏಳನೇ ದಿನದ ಭೇಟಿಗೆ ಹೋದೆ. ಶೂ ಕೊಟ್ಟ ಏಳನೇ ದಿನ ಇವರೇ ಮನೆಗೆ ಹೋಗಿ ಕಾಲು ನೋಡಬೇಕು — ಇಲ್ಲಿನ ನಿಯಮ. ಮೂರನೇ ಮಹಡಿಯ ಟೈಪಿಸ್ಟ್ ಅಜ್ಜಿ. ಲಿಫ್ಟ್ ಇಲ್ಲ. ಅಕ್ಕ ನೆಲದ ಮೇಲೆ ಕೂತು ಅಜ್ಜಿಯ ಕಾಲನ್ನು ಮಡಿಲಿಗೆ ಎಳೆದುಕೊಂಡರು. ಟಾರ್ಚ್ ಹಿಡಿದು ಬೆರಳ ಸಂದು ಸಂದು ನೋಡಿದರು. ಎಲ್ಲಾದರೂ ಬಿಸಿ ಇದೆಯೇ ಎಂದು ಮುಂಗೈ ತಾಗಿಸಿದರು. ಅಜ್ಜಿಗೆ ಕಚಗುಳಿಯೂ ಆಗಲಿಲ್ಲ, ಆದರೆ ಕಣ್ಣಲ್ಲಿ ನೀರು. "ನನ್ನ ಕಾಲನ್ನ ಯಾರಾದ್ರೂ ಮುಟ್ಟಿ ಎಷ್ಟು ವರ್ಷ ಆಯ್ತಮ್ಮಾ" ಎಂದರು.

ದಿನಕ್ಕೆ ನಾಲ್ಕೇ ಮನೆ ಆಗುತ್ತದೆ. ಹೀಗಾದರೆ ಬೆಳೆದ ಹಾಗೆಯೇ!

ಬಸ್ಸಿನಲ್ಲಿ ಅಕ್ಕ ತಮ್ಮ ಅಪ್ಪನ ವಿಷಯ ಹೇಳಿದರು. ರಸ್ತೆ ಬದಿ ಕೂತು ಚಪ್ಪಲಿ ರಿಪೇರಿ ಮಾಡುತ್ತಿದ್ದವರು. ಒಂದು ದಿನ ತಮ್ಮದೇ ಚಪ್ಪಲಿಯಲ್ಲಿ ಮೊಳೆ ಎದ್ದಿತ್ತು. ಸಂಜೆಯವರೆಗೂ ಅದರ ಮೇಲೇ ಓಡಾಡಿದರು, ಗೊತ್ತೇ ಆಗಲಿಲ್ಲ. ಕಾಲು ಹೋಯಿತು. ಎರಡು ವರ್ಷಕ್ಕೆ ಅವರೂ ಹೋದರು. "ಊರಿನ ಮೊಳೆ ಎಲ್ಲಾ ಕಿತ್ತವರು ಮೇಡಂ. ಮನೇಲಿ ನಾವು ಐದು ಜನ ಇದ್ವಿ. ಒಬ್ರೂ ಅವರ ಕಾಲು ನೋಡಲಿಲ್ಲ." ಅಳಲಿಲ್ಲ. ಟಿಕೆಟ್ಟನ್ನು ಮಡಚುತ್ತಾ ಕೂತರು.

ಫೆಬ್ರವರಿ 2, ಗುರುವಾರ

ಪಕ್ಕದ ಊರಿನಲ್ಲಿ ಮೊದಲ ಬ್ರಾಂಚ್ ತೆರೆದೆವು. ಹಣ ಕೊಡುವ ಟ್ರಸ್ಟಿನವರಿಗೆ ವರ್ಷದಲ್ಲಿ ಮೂರು ಬೇಕಂತೆ. ಅಲ್ಲಿ ಮನೆ ಭೇಟಿಯ ಬದಲು ಫೋನ್ ಮಾಡೋಣ ಎಂದೆ.

"ಫೋನಲ್ಲಿ ಅಂಗಾಲು ಕಾಣತ್ತಾ ಮೇಡಂ?"

"ಎರಡು ತಿಂಗಳು ಟ್ರಯಲ್ ನೋಡೋಣ. ಭೇಟಿಗೆ ಅಂತ ಅಲೀತಾ ಇದ್ರೆ ಕಾಯ್ತಾ ಇರೋ ಇನ್ನೂರು ಜನರ ಗತಿ ಏನಕ್ಕ? ಅವರ ಕಾಲು ಕಾಲಲ್ವಾ?"

ಅತ್ತ ದರಿ, ಇತ್ತ ಪುಲಿ. ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, "ಹೂಂ, ನೀವು ನಾಲ್ಕು ಊರು ಕಂಡವರು" ಎಂದರು. ವಾದದಲ್ಲಿ ಗೆದ್ದೆ. ಸಂತೋಷವಾಯಿತು.

ಏಪ್ರಿಲ್ 5, ಬುಧವಾರ

ಫೋನ್ ವರದಿ ಬಂತು. ನೂರ ಹನ್ನೆರಡು ಜನರಲ್ಲಿ ನೂರ ಒಂಬತ್ತು ಮಂದಿ 'ಆರಾಮ, ನೋವೇ ಇಲ್ಲ'. ಇಸ್ತ್ರಿ ಅಂಗಡಿಯ ಯಜಮಾನರಂತೂ 'ಹೂವಿನ ಮೇಲೆ ನಡೆದ ಹಾಗಿದೆ' ಅಂದಿದ್ದಾರೆ! ಕಾಯುವ ಅವಧಿ ಒಂಬತ್ತು ದಿನಕ್ಕೆ ಇಳಿದಿದೆ. ಬಣ್ಣದ ಚಾರ್ಟ್ ಮಾಡಿ ಅಕ್ಕನ ಮುಂದೆ ಹರಡಿದೆ.

ಅಕ್ಕ ಓದಿದರು. ಮತ್ತೆ ಓದಿದರು. ಮುಖ ಬಿಳುಚಿಕೊಂಡಿತು.

"ಏನಂತ ಕೇಳಿದ್ರಿ ಮೇಡಂ ಇವರನ್ನ?"

"ಎಲ್ಲಾದರೂ ನೋಯುತ್ತಿದೆಯಾ ಅಂತ."

"ಅಯ್ಯೋ... ನೋವಾಗದೇ ಇರೋದೇ ಅಲ್ವಾ ಇವರ ಕಾಯಿಲೆ!"

ಇಂಗು ತಿಂದ ಮಂಗನ ಹಾಗೆ ನಿಂತೆ. ಮೂರು ತಿಂಗಳಿಂದ ಇಲ್ಲೇ ಇದ್ದೇನೆ. ಎಂಥ ಪ್ರಶ್ನೆ ಬರೆದೆ ನಾನು! ನಾಳೆ ಮೊದಲ ಬಸ್ಸಿಗೆ ಹೊರಡುವುದು.

ಏಪ್ರಿಲ್ 6, ಗುರುವಾರ

ಮೊದಲು ಇಸ್ತ್ರಿ ಅಂಗಡಿ. ದಿನವಿಡೀ ನಿಂತೇ ಕೆಲಸ ಮಾಡುವವರು, ಅದಕ್ಕೆ. ನಗುನಗುತ್ತಾ ಕಾಲು ಚಾಚಿದರು. ಅಕ್ಕ ಬಲಗಾಲಿನ ಶೂ ಬಿಚ್ಚಿ ಒಳಗೆ ಎರಡು ಬೆರಳು ಹಾಕಿದರು. ಹೊರಗೆ ಬಂದದ್ದು ಒಂದು ಗುಂಡಿ. ಬಿಳಿ ಶರ್ಟ್ ಗುಂಡಿ, ನಾಲ್ಕು ತೂತಿನದು.

"ಅರೆ! ಇದು ವಕೀಲರ ಶರ್ಟಿಂದು. ಹನ್ನೊಂದು ದಿನದಿಂದ ಹುಡುಕ್ತಾ ಇದೀನಿ!" ಅವರಿಗೆ ಖುಷಿಯೋ ಖುಷಿ.

ಅಂಗಾಲಿನಲ್ಲಿ, ಎರಡನೇ ಬೆರಳ ಬುಡದಲ್ಲಿ, ಅಷ್ಟೇ ಅಗಲದ ಗುಂಡನೆಯ ಗಾಯ. ನಡುವೆ ಕಪ್ಪು. ಅವರ ಹೆಂಡತಿ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಓಡಿಬಂದರು. ನಮ್ಮ ಮುಖ ನೋಡಿ ಯಜಮಾನರ ನಗುವೂ ನಿಂತಿತು.

ಆಸ್ಪತ್ರೆ. 'ಎರಡು ದಿನ ನೋಡೋಣ. ಬೆರಳೋ, ಪಾದವೋ, ಆಮೇಲೆ ಹೇಳ್ತೀನಿ' ಎಂದರು ಡಾಕ್ಟರು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಾನೇ ಬೈದುಕೊಂಡೆ.

ಏಪ್ರಿಲ್ 19, ಬುಧವಾರ

ಪಾದ ಉಳಿಯಿತು. ಒಂದು ಬೆರಳು ಹೋಯಿತು.

ಉಳಿದ ನೂರ ಹನ್ನೊಂದು ಜನರನ್ನೂ ನೋಡಿ ಮುಗಿಸಿದೆವು. ಇನ್ನಿಬ್ಬರಿಗೆ ಬರೀ ಕೆಂಪು, ಬೇಗ ಸಿಕ್ಕಿತು. ರಾಜೀನಾಮೆ ಬರೆದುಕೊಟ್ಟೆ. ಅಕ್ಕ ಅದರ ಹಿಂಬದಿಯಲ್ಲಿ ಯಾರದೋ ಪಾದದ ಅಳತೆ ಬರೆದುಕೊಂಡರು. "ಕಾಗದ ದಪ್ಪಗಿದೆ, ಚೆನ್ನಾಗಿದೆ. ಮೇಡಂ, ಪಟ್ಟಿ ಇನ್ನೂ ಉದ್ದ ಆಗ್ತಾ ಇದೆ. ನೀವು ಹೇಳಿದ್ದೂ ಸುಳ್ಳಲ್ಲ. ಬೆಳೀಲೇಬೇಕು. ಹೇಗೆ ಅಂತ ಹೇಳಿ."

ಹೇಗೆ? ನನಗೂ ಗೊತ್ತಿಲ್ಲ.

ಮೇ 20, ಶನಿವಾರ

ಇಸ್ತ್ರಿ ಯಜಮಾನರ ಅಂಗಡಿಗೆ ಹೋಗಿದ್ದೆವು. ಅಂಗಡಿಯನ್ನು ಈಗ ಅವರ ಹೆಂಡತಿ ನಡೆಸುತ್ತಿದ್ದಾರೆ. ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ ದಿನಾ ಬೆಳಿಗ್ಗೆ ಕಾಲು ನೋಡುತ್ತಾರಂತೆ. ಅಷ್ಟೇ ಅಲ್ಲ — ಬಟ್ಟೆ ಕೊಡಲು ಹೋದ ಮನೆಗಳಲ್ಲೂ ಶುಗರ್ ಇರುವವರ ಕಾಲು ನೋಡಿ ಬರುತ್ತಾರೆ!

"ಯಾರು ಹೇಳಿದ್ರಮ್ಮಾ ನೋಡೋಕೆ?" ಎಂದೆ.

"ಯಾರು ಹೇಳ್ಬೇಕು? ಗುಂಡಿ ಉದುರಿದ್ಯಾ ಅಂತ ಶರ್ಟ್ ನೋಡಲ್ವಾ, ಹಾಗೇ."

ಹೊರಗೆ ಬಂದ ಅಕ್ಕ ರಸ್ತೆಯಲ್ಲೇ ನಿಂತುಬಿಟ್ಟರು. "ಮೇಡಂ! ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಅಂಗಾಲು ಹುಣ್ಣಿಗೆ ಇನ್ನೊಬ್ಬರ ಕಣ್ಣು ಬೇಕು. ನಾವೇ ಎಲ್ಲರ ಮನೆಗೂ ಹೋಗ್ಬೇಕು ಅಂತ ಯಾಕೆ ಅಂದ್ಕೊಂಡ್ವಿ?"

ಒಳಗೆ ವಾಪಸ್ ಹೋಗಿ, ಇಸ್ತ್ರಿ ಮೇಜಿನ ಮೇಲೆ ಕಾಗದ ಇಟ್ಟು, ಶೂ ಬೇಕಾದವರು ತುಂಬುವ ಹೊಸ ಅರ್ಜಿ ಬರೆದೆವು. ಹೆಸರಿನ ಕೆಳಗೆ ಒಂದು ಸಾಲು: ನಿಮ್ಮ ಕಾಲು ನೋಡುವವರು ಯಾರು? ಮಗನೋ, ಸೊಸೆಯೋ, ಪಕ್ಕದ ಮನೆಯವರೋ, ಯಾರಾದರೂ ಸರಿ. ಅವರು ಬಂದು ಅರ್ಧ ದಿನ ಕಲಿಯಬೇಕು, ಆಮೇಲೆ ದಿನಾ ನೋಡಬೇಕು. ಆ ಸಾಲು ಖಾಲಿ ಇದ್ದರೆ ಶೂ ಇಲ್ಲ. ಯಾರೂ ಇಲ್ಲದವರಿಗೆ ನಾವೇ ಒಬ್ಬರನ್ನು ಹುಡುಕಿಕೊಡುವುದು.

ಇಪ್ಪತ್ತಾರು ವರ್ಷದ ಸೇಲ್ಸ್ ಮೀಟಿಂಗುಗಳಲ್ಲಿ ಇಂಥ ಬುದ್ಧಿ ಒಂದು ದಿನವೂ ಕಂಡಿಲ್ಲ. ಇದನ್ನು ಅವರ ಮುಂದೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.

ಆಗಸ್ಟ್ 4, ಶುಕ್ರವಾರ

ಮೂರನೇ ಬ್ರಾಂಚ್. ಕಾಲು ನೋಡಲು ಕಲಿತವರು ಆರುನೂರ ಮೂವತ್ತು ಜನ. ಈ ಎರಡೂವರೆ ತಿಂಗಳಲ್ಲಿ ಒಂದು ಬೆರಳೂ ಹೋಗಿಲ್ಲ. ಕಲಿಸುವವರಲ್ಲಿ ಮೊದಲಿಗರು ಇಸ್ತ್ರಿ ಅಂಗಡಿಯಮ್ಮ. ತಂಗಿಗೆ ಫೋನಿನಲ್ಲಿ ಇದನ್ನೇ ಅರ್ಧ ಗಂಟೆ ಕೊಚ್ಚಿಕೊಂಡೆ. ಅವಳು ಎಲ್ಲ ಕೇಳಿ, "ಮಾತ್ರೆ ತಗೊಂಡ್ಯಾ?" ಎಂದಳು. ಮಾತು ಮರೆಸಿದೆ.

ಆಗಸ್ಟ್ 16, ಬುಧವಾರ

ಇವತ್ತಿನದನ್ನು ಹೇಗೆ ಬರೆಯಲಿ...

ಹೊಸಬರಿಗೆ ತರಬೇತಿ. ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡುವ ನೈಲಾನ್ ಎಳೆಯ ಪರೀಕ್ಷೆ ತೋರಿಸಲು ಒಂದು ಕಾಲು ಬೇಕಿತ್ತು. "ನಂದು ತಗೊಳ್ಳಿ, ಗಟ್ಟಿ ಕಾಲು" ಎಂದು ನಾನೇ ಕೂತೆ.

"ಕಣ್ಣು ಮುಚ್ಚಿ ಮೇಡಂ. ಎಳೆ ತಾಗಿದಾಗೆಲ್ಲಾ ಹೂಂ ಅನ್ನಿ."

ಹೂಂ. ಹೂಂ. ಆಮೇಲೆ ಏನೂ ಇಲ್ಲ. ಕಾದೆ.

"ಯಾಕೆ ನಿಲ್ಲಿಸಿಬಿಟ್ರಿ ಅಕ್ಕ? ಮುಂದುವರಿಸಿ."

ಕಣ್ಣು ಬಿಟ್ಟೆ. ಎಳೆ ನನ್ನ ಹೆಬ್ಬೆರಳ ಮೇಲಿತ್ತು. ಬಿಲ್ಲಿನ ಹಾಗೆ ಬಾಗುವಷ್ಟು ಒತ್ತಿ ಹಿಡಿದಿದ್ದರು.

ಯಾವ ಚಪ್ಪಲಿಯೂ ಕಚ್ಚುವುದಿಲ್ಲ ಎಂದು ಜಂಬ ಕೊಚ್ಚಿದ್ದೆನಲ್ಲ! ದೀಪದ ಬುಡದಲ್ಲೇ ಕತ್ತಲೆ.

ಎಲ್ಲರನ್ನೂ ಟೀಗೆ ಕಳಿಸಿ ಅಕ್ಕ ಅರ್ಜಿ ತಂದರು. ಶುಗರ್ ವಿಷಯ ಹೇಳಿದೆ, ಎಂಟು ವರ್ಷದ್ದು ಎಂದು. ಹೆಸರು ಬರೆದೆ. ಕೆಳಗಿನ ಸಾಲಿಗೆ ಬಂದು ಪೆನ್ನು ನಿಂತಿತು.

"ತಂಗಿ ಅಂತ ಬರೀಲಾ?"

"ತಂಗಿ ಇರೋದು ಎಂಟು ಗಂಟೆ ಪ್ರಯಾಣ ದೂರ. ಫೋನಲ್ಲಿ ನೋಡ್ತಾರಾ ಮೇಡಂ?"

ಆ ಮಾತಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂದುಬಿಟ್ಟಿತು. ಹೆದರಿಕೆಯೇ ಆಯಿತು ನನಗೆ. ಅಕ್ಕ ಪೆನ್ನು ಕಿತ್ತುಕೊಂಡು ಆ ಸಾಲಿನಲ್ಲಿ ತಮ್ಮ ಹೆಸರು ಬರೆದರು.

"ಶೂ ಆಮೇಲೆ. ನೋಡೋದು ನಾಳೆಯಿಂದಾನೇ. ಬೆಳಿಗ್ಗೆ ಏಳಕ್ಕೆ ಬರ್ತೀನಿ. ನಿಮ್ಮ ಮನೆ ನನ್ನ ದಾರೀಲೇ ಇದೆ."

ದಾರಿಯೂ ಇಲ್ಲ, ಗೀರಿಯೂ ಇಲ್ಲ. ಅವರ ಮನೆ ಊರಿನ ಆ ತುದಿಯಲ್ಲಿದೆ. ಎರಡು ಬಸ್ ಬದಲಿಸಬೇಕು.

ಆಗಸ್ಟ್ 17, ಗುರುವಾರ, ಬೆಳಿಗ್ಗೆ 6.50

ಮಾತ್ರೆ ತೆಗೆದುಕೊಂಡೆ. ಆರಕ್ಕೇ ಎದ್ದು ನೆಲ ಒರೆಸಿದೆ, ಅಕ್ಕ ಕೂರುವ ಜಾಗ. ಕನ್ನಡಿ ಹಿಡಿದು ನಾನೇ ನೋಡಿಕೊಳ್ಳಲು ಹೋದೆ — ಹೊಟ್ಟೆ ಅಡ್ಡ ಬಂತು. ಎಡ ಹಿಮ್ಮಡಿಯಲ್ಲಿ ಏನೋ ಕೆಂಪಗೆ ಕಂಡ ಹಾಗಾಯಿತು, ನೆರಳೋ ಏನೋ...

ಬಾಗಿಲು ತಟ್ಟಿದರು. ಹತ್ತು ನಿಮಿಷ ಮೊದಲೇ! ಕಾಲು ಇನ್ನೂ ತೊಳೆದಿಲ್ಲ, ಟವೆಲ್ ಎಲ್ಲಿ ಇಟ್ಟೆನೋ, ಬಂದೆ ಅಕ್ಕ, ಬಂ—