ಪ್ಯಾಡಿನೊಳಗೆ ಸದ್ದಿರಲಿಲ್ಲ

ರೀ,

ಹೀಗೆ ಕರೆದರೆ "ಬಂದೆ ಇರು" ಅನ್ನುತ್ತಿದ್ದಿರಿ, ಬರುತ್ತಿರಲಿಲ್ಲ. ಕಿವಿಯ ಮೇಲೆ ಆ ದಪ್ಪ ಹೆಡ್‌ಫೋನ್ ಇದ್ದರಂತೂ ಆ ಉತ್ತರವೂ ಇಲ್ಲ. ಇವತ್ತು ಭಾನುವಾರ, ನನ್ನ ಕಾಫಿ ಕ್ಯೂರಿಂಗ್ ಕೆಲಸಕ್ಕೆ ರಜೆ. ಬಟ್ಟೆ ಒಗೆದು ಹರವಿ ಬಂದು ಕುಳಿತಿದ್ದೇನೆ. ನಿಮಗೊಂದು ಸುದ್ದಿ ಹೇಳಬೇಕು. ಮೊದಲಿನಿಂದ ಹೇಳದಿದ್ದರೆ ನೀವು ನಂಬುವುದಿಲ್ಲ.

ಸಂಜೆ ಎಸ್ಟೇಟಿನಲ್ಲಿ ಜೀಪು ಬಿಟ್ಟು, ಚೆಟ್ಟಳ್ಳಿಯಿಂದ ಬಸ್ಸಿನಲ್ಲಿ ಕುಶಾಲನಗರಕ್ಕೆ ಬಂದು, ಕಾಲು ತೊಳೆದು ನೀವು ಆ ಪೆಟ್ಟಿಗೆಯ ಮುಂದೆ ಕೂರುತ್ತಿದ್ದುದು ಕಣ್ಣ ಮುಂದೆಯೇ ಇದೆ. ಹದಿನಾರು ರಬ್ಬರ್ ಚೌಕಗಳ ಪ್ಯಾಡು, ಲ್ಯಾಪ್‌ಟಾಪಿಗೆ ಒಂದು ವೈರು. ಎದುರಿಗೆ ನಾನು ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದೆ. ಡ್ರಮ್ಮೋ ಡೋಲೋ ಎಲ್ಲ ನಿಮ್ಮ ಕಿವಿಯೊಳಗೆ. ನನಗೆ ಕೇಳುತ್ತಿದ್ದುದು ಬೆರಳು ರಬ್ಬರಿಗೆ ಬೀಳುವ ಧಪ್ ಧಪ್ ಅಷ್ಟೇ, ಗೋಡೆಯಾಚೆ ಯಾರೋ ಹಿಟ್ಟು ನಾದುತ್ತಿರುವ ಹಾಗೆ. ಕೊನೆಯ ಕೆಲವು ತಿಂಗಳು ಒಂದನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದಿರಿ. ಅದೇನೆಂದು ಕೇಳಿದ್ದಕ್ಕೆ, "ಇನ್ನೂ ಆಗಿಲ್ಲ ಕಣೇ. ಆದ್ಮೇಲೆ ನಿನ್ಗೇ ಮೊದ್ಲು ಕೇಳಿಸ್ತೀನಿ" ಅಂದಿರಿ. ಒಂದು ಜಾಗಕ್ಕೆ ಬಂದು ನಿಲ್ಲಿಸಿ, ನಾಲಿಗೆ ಲೊಚಗುಟ್ಟಿ, ಮತ್ತೆ ಮೊದಲಿನಿಂದ ಶುರು.

ನೀವು ಹೋದ ದಿನ ಆಸ್ಪತ್ರೆಯ ಬಾಗಿಲಲ್ಲಿ ಕಾಫಿ ಕೊಯ್ಯುವ ಪಿಕಿಂಗ್ ಹೆಂಗಸರು ನಿಂತಿದ್ದರು, ಸೊಂಟಕ್ಕೆ ಕಟ್ಟಿದ ಚೀಲವನ್ನೂ ಬಿಚ್ಚಿರಲಿಲ್ಲ. "ಜೀಪು ಪಕ್ಕಕ್ಕೆ ತಗೊಂಡ್ರು ಅಕ್ಕ. ಹ್ಯಾಂಡ್‌ಬ್ರೇಕ್ ಎಳೆದ್ರು. 'ಸ್ವಲ್ಪ ಇಳೀರಮ್ಮ' ಅಂದ್ರು. ಆಮೇಲೆ ಸ್ಟೇರಿಂಗ್ ಮೇಲೆ ತಲೆ ಇಟ್ರು." ಅಷ್ಟು ಎದೆನೋವಿನಲ್ಲೂ ನಿಮಗೆ ಹ್ಯಾಂಡ್‌ಬ್ರೇಕ್ ನೆನಪಿತ್ತು. ಹಿಂದೆ ಕೂತವರು ನೆನಪಿದ್ದರು. ನಾನು...

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಮೊದಲ ಬಾರಿಗೆ ಆ ಹೆಡ್‌ಫೋನ್ ಕಿವಿಗೆ ಹಾಕಿಕೊಂಡೆ. ನೀವು ಮಾಡುತ್ತಿದ್ದುದು ಏನೆಂದು ಕೇಳಿಬಿಡಬೇಕು ಅನಿಸಿತ್ತು. ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ಅದನ್ನೂ ಪ್ಯಾಡನ್ನೂ ಬಟ್ಟೆಯಲ್ಲಿ ಸುತ್ತಿ ಸಲೀಮನ ಸೌಂಡ್ಸ್ ಅಂಗಡಿಗೆ ಹೊತ್ತುಕೊಂಡು ಹೋದೆ. ನೀವು ನುಡಿಸುತ್ತಿದ್ದ ಆರ್ಕೆಸ್ಟ್ರಾದ ಸ್ಪೀಕರು, ವೈರು ಎಲ್ಲ ನೋಡಿಕೊಳ್ಳುತ್ತಿದ್ದವನಲ್ಲವೇ, ಏನಾದರೂ ಮಾಡಿಯಾನು ಎಂಬ ಆಸೆ. ನಾಲ್ಕು ದಿನ ಬಿಟ್ಟು ಕರೆದ.

"ಡಿಸ್ಕ್ ಹೋಗ್ಬಿಟ್ಟಿದೆ ಅಕ್ಕ. ಹೊಸದು ಹಾಕಿ ಡ್ರಮ್ಮಿನ ಸಾಫ್ಟ್‌ವೇರೂ ಹಾಕಿದೀನಿ. ಅಣ್ಣಂದು ಯಾವ್ದೂ ಸಿಗ್ಲಿಲ್ಲ."

"ಪ್ಯಾಡ್ ಚೆನ್ನಾಗೇ ಇದೆಯಲ್ಲೋ. ಅದರಲ್ಲಿಲ್ವಾ?"

"ಪ್ಯಾಡಲ್ಲಿ ಸದ್ದೇ ಇರಲ್ಲ ಕಣಕ್ಕ. ಒಂದೊಂದು ಚೌಕಾನೂ ಒಂದೊಂದು ನಂಬರ್ ಕಳಿಸ್ತದೆ, ಅಷ್ಟೇ ಅದರ ಕೆಲ್ಸ. ಆ ನಂಬರಿಗೆ ಯಾವ ಸದ್ದು ಅಂತ ನಾವು ಹೇಳ್ಕೊಡಬೇಕು. ಅಣ್ಣ ಹೇಳ್ಕೊಟ್ಟಿದ್ದೆಲ್ಲ ಹಳೇ ಡಿಸ್ಕಲ್ಲೇ ಇತ್ತು."

ಅಂಗಡಿಯಲ್ಲಿ ಅಳಬಾರದೆಂದು ಗೋಡೆಯ ಮೇಲಿದ್ದ ವೈರುಗಳನ್ನು ನೋಡುತ್ತ ನಿಂತೆ. ಇಷ್ಟು ತಿಂಗಳು ಆ ಪೆಟ್ಟಿಗೆಯ ಧೂಳು ಒರೆಸಿ, ಅದರೊಳಗೆ ನೀವು ಇದ್ದೀರಿ ಅಂದುಕೊಂಡಿದ್ದೆನಲ್ಲ?

ಸಲೀಮ ಅಲ್ಲೇ ಕೂರಿಸಿ ಒಂದು ಚೌಕಕ್ಕೆ ಸದ್ದು ಕಟ್ಟುವುದನ್ನು ತೋರಿಸಿದ. ಪರದೆಯ ಮೇಲೆ ಒಂದು ಡ್ರಮ್ಮನ್ನು ಆರಿಸಿ, 'ಲರ್ನ್' ಎಂದಿರುವುದನ್ನು ಒತ್ತಿ, ಬೇಕಾದ ಚೌಕಕ್ಕೆ ಒಂದು ಏಟು ಹಾಕುವುದು. ಅಲ್ಲಿಗೆ ಆ ಸದ್ದು ಆ ಚೌಕದ್ದಾಯಿತು. ನನ್ನ ಮೊದಲ ಏಟಿಗೆ ದೊಡ್ಡ ಡ್ರಮ್ಮು ಗುಮ್ ಎಂದು ಎದೆಗೇ ಬಡಿಯಿತು. ಉಳಿದದ್ದನ್ನು ಮನೆಯಲ್ಲಿ ನಾನೇ ಮಾಡುತ್ತೇನೆಂದು ಹೊತ್ತು ತಂದೆ. ಗೋಳು ಕೇಳಬೇಡಿ. ಜೋಡಿ ತಾಳದ ತಟ್ಟೆಗೆ ಎರಡು ಸದ್ದು, ತೆರೆದದ್ದೊಂದು, ಮುಚ್ಚಿದ್ದೊಂದು. ತೆರೆದದ್ದನ್ನು ಒಮ್ಮೆ ಬಾರಿಸಿದರೆ ನಿಲ್ಲುವುದೇ ಇಲ್ಲ, ಉಳಿದ ಸದ್ದಿನ ಮೇಲೆಲ್ಲ ಅದರದ್ದೇ ಝಣಝಣ. ಸಲೀಮನಿಗೆ ಫೋನ್ ಮಾಡಿದೆ. "ತೆರೆದಿದ್ದು, ಮುಚ್ಚಿದ್ದು ಎರಡನ್ನೂ ಒಂದೇ ಗುಂಪಿಗೆ ಸೇರ್ಸಿ ಅಕ್ಕ. ಆಗ ಮುಚ್ಚಿದ್ದನ್ನ ಹೊಡೆದ್ರೆ ತೆರೆದಿದ್ದು ಬಾಯಿ ಮುಚ್ಚುತ್ತೆ" ಅಂದ. ನೀವು ಹೋದ ಮೇಲೆ ಅವತ್ತೇ ಮೊದಲು ನಾನು ನಕ್ಕಿದ್ದು. ನಕ್ಕ ಮೇಲೆ ಮನೆ ಇನ್ನೂ ಖಾಲಿ ಅನಿಸಿತು.

ಎದುರು ಕೂತು ನೋಡಿದ ನಿಮ್ಮ ಕೈ ನನಗೆ ಚೆನ್ನಾಗಿ ನೆನಪಿತ್ತು. ಎಡಗೈ ಹೆಬ್ಬೆರಳು ಕೆಳಗಿನ ಮೂಲೆಯಲ್ಲಿ, ಬಲಗೈಯ ಎರಡು ಬೆರಳು ಮೇಲಿನ ಸಾಲಿನಲ್ಲಿ ಹಿಂದೆ ಮುಂದೆ, ನಡುವೆ ಒಮ್ಮೊಮ್ಮೆ ಉಂಗುರದ ಬೆರಳು. ಧಪ್ಪಿನ ಲೆಕ್ಕವೂ ಗೊತ್ತಿತ್ತು. ಆ ಬೆರಳ ಕೆಳಗೆ ಯಾವ ಸದ್ದು ಇತ್ತೆಂಬುದು ಮಾತ್ರ ಗೊತ್ತಿರಲಿಲ್ಲ. ಒಂದೊಂದನ್ನೇ ಹಾಕಿ ನೋಡುತ್ತ ಹೋದೆ. ತಮಟೆ ಹಾಕಿದರೆ ಮೆರವಣಿಗೆಯಾಗುತ್ತಿತ್ತು, ತಬಲ ಹಾಕಿದರೆ ಭಜನೆಯಾಗುತ್ತಿತ್ತು. ಬೆಳಗಿಂದ ಸಂಜೆಯವರೆಗೆ ಕಾಫಿಬೀಜದಲ್ಲಿ ಕಪ್ಪು, ಒಡಕು ಆರಿಸುವ ಬೆರಳುಗಳಲ್ಲವೇ, ಓಟಕ್ಕೇನೂ ತೊಂದರೆಯಾಗಲಿಲ್ಲ. ಚಳಿ ಹಿಡಿಯುವ ಹೊತ್ತಿಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ನೀವು ನಿಲ್ಲಿಸುತ್ತಿದ್ದ ಜಾಗದವರೆಗೂ ಹೋದೆ. ಅದರಾಚೆ ನಾನು ಕೇಳಿದ್ದು ಏನೂ ಇಲ್ಲ. ಬೆರಳು ಗಾಳಿಯಲ್ಲೇ ನಿಂತಿತು. ನೀವು ಕೇಳುತ್ತಿದ್ದುದು ಇದೇನಾ, ಇಲ್ಲಾ ಪೂರಾ ಬೇರೆಯೇನಾ? ಇನ್ನು ಯಾರನ್ನು ಕೇಳಲಿ?

ಕಳೆದ ತಿಂಗಳು ಸೆಲ್ವಿ ಬಂದಿದ್ದಳು, ನಿಮ್ಮ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿ. ಸಿದ್ದಾಪುರದಿಂದ ಬಸ್ಸಿನಲ್ಲಿ, ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. ನೀವು ಹೋದ ಮೇಲೆ ಕಾರ್ಯಕ್ರಮಕ್ಕೆಲ್ಲ ಮೊದಲೇ ರೆಕಾರ್ಡ್ ಮಾಡಿದ ತಾಳ ಹಾಕುತ್ತಾರಂತೆ, ಅವಳು ಉಸಿರು ತೆಗೆದುಕೊಳ್ಳಲು ನಿಂತರೂ ಅದು ನಿಲ್ಲುವುದಿಲ್ಲವಂತೆ. ಪ್ಯಾಡು ಮೇಜಿನ ಮೇಲಿರುವುದನ್ನು ನೋಡಿ, ಯಾರು ನುಡಿಸುತ್ತಾರೆಂದು ಕೇಳಿದಳು. ನಾಚಿಕೆಯಾದರೂ ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿ ನುಡಿಸಿದೆ. ನನಗೆ ಬರೀ ಧಪ್ ಧಪ್. ಅವಳು ಕಣ್ಣು ಮುಚ್ಚಿ ಕೇಳಿದಳು.

"ನಿಮ್ಮಣ್ಣನ ಥರಾನಾ?" ಅಂದೆ.

"ಇಲ್ಲ ಅಕ್ಕ. ಅಣ್ಣಂದು ಜೋರು. ಇದು ಮೆತ್ತಗೆ ಇದೆ, ಬೇರೆ ಯಾರೋ ನುಡಿಸಿದ ಹಾಗೆ." ಹೆಡ್‌ಫೋನ್ ತೆಗೆದು ಹೇಳಿದಳು, "ಆದ್ರೆ ತಾಳ ಬಿಡ್ತಿಲ್ಲ ನೀವು. ನಮ್ ಜೊತೆ ಬರ್ತೀರಾ?"

ಬರುವುದಿಲ್ಲವೆಂದೆ. ಅವಳು ಬಸ್ಸಿಗೆ ಹೋದ ಮೇಲೆ ಬಾಳೆಹಣ್ಣು ಹಾಗೇ ಇತ್ತು. ಒಬ್ಬಳು ಎಷ್ಟು ತಿನ್ನಲಿ? ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿ ಬರುತ್ತೇನೆಂದೆ.

ಮೊದಲ ರಿಹರ್ಸಲ್‌ನಲ್ಲಿ ನಿಮ್ಮ ಜಾಗಕ್ಕೆ ಹೋಗಲು ಕಾಲು ಬರಲಿಲ್ಲ. ಸಲೀಮ ಸುಮ್ಮನೆ ಮೇಜನ್ನು ಇನ್ನೊಂದು ಬದಿಗೆ, ಸೆಲ್ವಿಯ ಹತ್ತಿರಕ್ಕೆ ಎಳೆದಿಟ್ಟ. ಅವಳು ಉಸಿರಿಗೆ ನಿಂತಾಗ ನಾನೂ ನಿಂತೆ, ಅವಳು ಹಾಡು ಎತ್ತಿಕೊಂಡಾಗ ನಾನೂ ತಾಳ ಎತ್ತಿಕೊಂಡೆ. ಎರಡು ಕಡೆ ತಪ್ಪಿದೆ. ನೀವು ಒಂಟಿಯಾಗಿ ಮಾಡುತ್ತಿದ್ದುದನ್ನು ಮಾತ್ರ ಅಲ್ಲಿ ನುಡಿಸಲಿಲ್ಲ. ಅದು ಎಲ್ಲಿ ನಿಂತಿತ್ತೋ ಅಲ್ಲೇ ಇರಲಿ.

ಸುದ್ದಿ ಇದು ನೋಡಿ: ಬರುವ ಭಾನುವಾರ ಸಿದ್ದಾಪುರದಲ್ಲಿ ಒಂದು ಮದುವೆಯ ಆರತಕ್ಷತೆ, ನಾನು ಪ್ಯಾಡ್ ನುಡಿಸುತ್ತಿದ್ದೇನೆ. ಹಸಿರು ಸೀರೆ ಇಸ್ತ್ರಿ ಮಾಡಿಟ್ಟಿದ್ದೇನೆ. ಮುಗಿದ ಮೇಲೆ ಸಲೀಮನ ವ್ಯಾನಿನಲ್ಲಿ ಬಂದು ಇಳಿಯುತ್ತೇನೆ, ಬೀಗ ತೆಗೆಯುತ್ತೇನೆ, ದೀಪ ಹಾಕುತ್ತೇನೆ. ಹೇಗಾಯಿತೇ ಎಂದು ಕೇಳಲು ಒಳಗೆ ಯಾರೂ ಇರುವುದಿಲ್ಲ. ಅದಕ್ಕೇ, ಹೋಗುವ ಮೊದಲೇ ನಿಮಗೆ ಹೇಳುತ್ತಿದ್ದೇನೆ.

ನಿಮ್ಮ
ಪುಷ್ಪ