ಬಿಸಿಲಿಗೆ ಹಾಕಿದ ಪುಡಿ

ರೋಣ
೧೪ ಆಗಸ್ಟ್ ೨೦೨೪

ಅಣ್ಣ ಶಿವನಪ್ಪನಿಗೆ ತಮ್ಮ ಮಂಜು ಕಾಲಿಗೆ ಬಿದ್ದು ಬರೆಯುವುದು.

ಇಂದು ನಸುಕಿನಲ್ಲಿ ಕೆಟ್ಟ ಕನಸು ಬಿತ್ತು. ನಿನ್ನ ನೇತ್ರಾ ಹಳ್ಳದಲ್ಲಿ ಮೂಲಂಗಿ ತೊಳೆದು, "ಕಾಕಾ, ತಿನ್ನ" ಎಂದು ನನ್ನ ಕಡೆ ಹಿಡಿದಿದ್ದಳು. ಅದೇ ಮೂಲಂಗಿ ತಿಂದು ಮಲಗಿದ ಕೂಸು ಈಗ ಹೇಗಿದೆ? ವಾಂತಿ, ಭೇದಿ ನಿಂತವೋ? ಸಲಾಯಿನ್ ಇನ್ನೂ ಹಚ್ಚಿದ್ದಾರೋ? ವೈನಿಯ ಅಳು ಸ್ವಲ್ಪವಾದರೂ ಕಡಿಮೆಯಾಯಿತೋ? ನೀನು ನನ್ನ ಫೋನ್ ಎತ್ತುವುದಿಲ್ಲ. ಅದಕ್ಕೇ ಗದಗಿನ ದವಾಖಾನೆಗೆ ಹೊರಟ ಹಾಲೇಶನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ. ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು, ತಪ್ಪು ಬರೆದಿದ್ದರೆ ಹೊಟ್ಟೆಯಲ್ಲಿ ಹಾಕಿಕೊ.

ನಮ್ಮ ಪ್ಲಾಂಟಿನಲ್ಲಿ ಎಲ್ಲರ ಬಾಯಲ್ಲೂ ನೀನೇ. ಗಟಾರದ ನೀರು ಸೋಸಿದ ಮೇಲೆ, ಹಳ್ಳಕ್ಕೆ ಬಿಡುವ ಮುಂಚೆ ಹಾಕುವ ಬ್ಲೀಚಿಂಗ್ ಪುಡಿಯನ್ನು ನೀನು ಹಾಕಲೇ ಇಲ್ಲವೆಂದು ಮಾತು. ಮುಕಾದಮ ಸಂಗನಬಸವ ಚಹಾ ಕುಡಿಯುತ್ತ, "ನಿಮ್ಮಣ್ಣ ಪುಡಿ ಮನಿಗೆ ಒಯ್ದು ಗ್ವಾಡಿಗೆ ಬಳದಾನೇನಲೇ? ಮಗಳಿಗೆ ಮಾತ್ರ ಗಟಾರ ಕುಡಿಸ್ಯಾನ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಅಣ್ಣಾ. ನಗದಿದ್ದರೆ ನನ್ನ ಮುಖ ನೋಡುತ್ತಿದ್ದರು.

ನೀನು ಅಳತೆ ತಪ್ಪದೆ ಹಾಕಿದ್ದು ನನಗೆ ಗೊತ್ತು. "ನಾ ಪುಡಿ ಹಾಕಿದ ನೀರು, ಹೆದರಬ್ಯಾಡ್ರಿ" ಎಂದು ಹಳ್ಳದ ದಂಡೆಯ ತೋಟದವರಿಗೆಲ್ಲ ನೀನೇ ಹೇಳುತ್ತಿದ್ದೆ, ನಿನ್ನ ಮನೆಯವರಿಗೂ. ಆದರೆ ನೀನು ನರಗುಂದಕ್ಕೆ ಮದುವೆಗೆ ಹೋದಾಗ ಮಳೆಗೆ ಪುಡಿಯ ಚೀಲ ನೆಂದಿತ್ತು. ಜೋಳ ನೆಂದರೆ ಏನು ಮಾಡುತ್ತೇವೆ? ಹಾಗೆಯೇ ತಾಡಪತ್ರಿ ಹಾಸಿ, ಮಾಳಿಗೆಯ ಮೇಲೆ ಎರಡು ದಿನ ಒಣಗಿಸಿ ತುಂಬಿಟ್ಟೆ. ಕಣ್ಣು ಉರಿಸುವ ಘಾಟು ಹೋಗಿತ್ತು. ಚಲೋ ಆಯಿತು ಎಂದುಕೊಂಡೆ. ನಿನಗೆ ಹೇಳಲಿಲ್ಲ, ಬೈಯುತ್ತೀ ಎಂದು.

ನಿನ್ನೆ ಪರೀಕ್ಷೆಗೆ ಬಂದ ಸಾಹೇಬರು ತೊಟ್ಟಿಯ ಹತ್ತಿರ ಉಳಿದಿದ್ದ ಪುಡಿಯನ್ನು ಮೂಸಿ, "ಬಿಸಲಿಗೆ ಹಾಕಿದ್ರ ಇದರ ಸತ್ವಾನ ಹಾರಿ ಹೋಗತೈತಿ, ಬರೇ ಸುಣ್ಣ ಉಳೀತೈತಿ. ಒಣಗಿಸಿದವ ಯಾರಪಾ?" ಎಂದರು.

"ನಮ್ಮಣ್ಣರೀ" ಎಂದೆ.

ಸಿಟ್ಟಾಗಬೇಡ. ನಿನ್ನನ್ನು ಹೇಗೂ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು. ಇಬ್ಬರೂ ಹೋದರೆ ಅವ್ವನ ಗತಿಯೇನು? ಇದನ್ನೇ ನೆನೆದು ನನಗೆ ಅನ್ನ ಇಳಿಯುತ್ತಿಲ್ಲ.

ಎಲ್ಲಮ್ಮನ ಭಂಡಾರ ಕಳಿಸಿದ್ದೇನೆ, ಕೂಸಿನ ಹಣೆಗೆ ಹಚ್ಚು. ವೈನಿಗೆ ನಮಸ್ಕಾರ.

ನಿನ್ನ ತಮ್ಮ
ಮಂಜು

ತಾ.ಕ.: ಒಣಗಿಸಿದವ ನೀನೇ ಎಂದು ಸಾಹೇಬರು ಬರೆದ ಕಾಗದಕ್ಕೆ ಸಹಿಯನ್ನೂ ಮಾಡಿದ್ದೇನೆ. ನಾಳೆಯಿಂದ ನಿನ್ನ ಜಾಗಕ್ಕೆ ನಾನೇ. ಹೊಸ ಪುಡಿ ಬಂದಿದೆ, ಇಡಬೇಕೆಂದರೆ ಕೋಣೆಯ ಕೀಲಿ ಇಲ್ಲ. ನಿನ್ನ ಹತ್ತಿರ ಇಲ್ಲ ಎಂದು ಹಾಲೇಶನಿಗೆ ಹೇಳಿದಿಯಂತೆ. ನಿನ್ನ ಖಾಕಿ ಅಂಗಿಯ ಒಳಗಿನ ಕಿಸೆಯಲ್ಲಿ ಇನ್ನೊಮ್ಮೆ ನೋಡು.